ಮೋಟರ್ ರೀವೈಂಡಿಂಗ್ ಅಂಗಡಿಗೆ ವೆಬ್‌ಸೈಟ್: ಹಾಕಿದ್ದೇನು, ಕಿತ್ತಿದ್ದೇನು

ನಾವು ವೆಬ್‌ಸೈಟ್ ಮಾಡಿಕೊಟ್ಟ ಅಂಗಡಿ ದಾವಣಗೆರೆಯ ಪಿ.ಬಿ. ರಸ್ತೆಯದು. ಬೋರ್‌ವೆಲ್ ಮೋಟರ್ ರೀವೈಂಡಿಂಗ್, ಪಂಪ್ ರಿಪೇರಿ, ಜೊತೆಗೆ ಸ್ಟಾರ್ಟರ್ ಪ್ಯಾನಲ್ ಮತ್ತು ಕೇಬಲ್ ಮಾರಾಟ. ಗಿರಾಕಿಗಳು ಜಗಳೂರು, ಹೊಳಲ್ಕೆರೆ, ಚನ್ನಗಿರಿ, ಭರಮಸಾಗರದ ಕಡೆಯ ರೈತರು. ಬೇಸಿಗೆಯಲ್ಲಿ ಬೋರಿನ ನೀರು ಇಳಿದು, ವೋಲ್ಟೇಜ್ ಕೈಕೊಟ್ಟು ಮೋಟರ್‌ಗಳು ಸುಡುವ ಹೊತ್ತಿಗೆ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತದೆ. ಕೇಳುವುದು ಬಹುತೇಕ ಒಂದೇ ಮಾತು: "ಅಣ್ಣಾ, ಏಳೂವರೆ ಎಚ್‌ಪಿ ಸುಟ್ಟೋಗೇತಿ, ಸುತ್ತಾಕೆ ಎಷ್ಟಾಗುತ್ತೆ, ಯಾವತ್ತು ಕೊಡ್ತೀರಿ?" ವೆಬ್‌ಸೈಟ್ ಈ ಪ್ರಶ್ನೆಗೆ ಉತ್ತರ ಕೊಟ್ಟರೆ ಸಾಕು.

ಹಂತ 1: ಬೇಕಾದ್ದು, ಬೇಡದ್ದು

ಪುಟಗಳು ಐದು: ಮುಖಪುಟ, ರೇಟು, ಮಾಡುವ ಕೆಲಸಗಳು, ಪದೇಪದೇ ಕೇಳುವ ಪ್ರಶ್ನೆಗಳು, ವಿಳಾಸ. ಎಲ್ಲ ಪುಟದಲ್ಲೂ ಕರೆ ಮಾಡುವ ಬಟನ್, ವಾಟ್ಸಾಪ್ ಬಟನ್. ಆನ್‌ಲೈನ್ ಕಾರ್ಟ್ ಬೇಡ. ಮೋಟರ್ ಬಿಚ್ಚಿ ನೋಡದೆ ವೈಂಡಿಂಗ್ ಮಾತ್ರ ಹೋಗಿದೆಯೋ, ಬುಷ್ ಮತ್ತು ಥ್ರಸ್ಟ್ ಬೇರಿಂಗೂ ಹೋಗಿದೆಯೋ ಹೇಳಲಿಕ್ಕಾಗದು. ಹಾಗಾಗಿ "ಇಷ್ಟರಿಂದ ಶುರು" ಎಂಬ ರೇಟಷ್ಟೇ ಹಾಕಬಹುದು.

ಇದರಲ್ಲಿ ಮತ್ತೆ ಮತ್ತೆ ಬದಲಾಗುವುದು ರೇಟು ಒಂದೇ. ತಾಮ್ರದ ಬೆಲೆ ಏರಿದರೆ ರೀವೈಂಡಿಂಗ್ ರೇಟೂ ಏರುತ್ತದೆ. ಅದನ್ನು ಬದಲಿಸುವವರು ಅಂಗಡಿಯ ಲೆಕ್ಕ ಬರೆಯುವ ಹುಡುಗ, ಅವನ ಕೈಯಲ್ಲಿರುವುದು ಒಂದು ಆಂಡ್ರಾಯ್ಡ್ ಫೋನು. ಗಲ್ಲಾಪೆಟ್ಟಿಗೆ ಪಕ್ಕ ಲ್ಯಾಪ್‌ಟಾಪ್ ಇಲ್ಲ, ಇಡುವ ಇರಾದೆಯೂ ಇಲ್ಲ. ಸೈಟ್ ಕಟ್ಟಲು ವರ್ಡ್‌ಪ್ರೆಸ್ಸೋ, ಬಿಲ್ಡರೋ, ಸ್ಟ್ಯಾಟಿಕ್ಕೋ ಎಂಬ ವಾದಕ್ಕೆ ಇಳಿಯುವ ಮೊದಲು ಈ ಎರಡು ಸಾಲು ಬರೆದುಕೊಳ್ಳಬೇಕು: ಬದಲಾಗುವುದು ಯಾವುದು, ಬದಲಿಸುವವರು ಯಾರು. ಮುಂದಿನ ಆಯ್ಕೆಗಳೆಲ್ಲ ಇದರ ಮೇಲೇ ನಿಂತಿವೆ.

ಹಂತ 2: ವರ್ಡ್‌ಪ್ರೆಸ್ (ಹಾಕಿ ತೆಗೆದದ್ದು)

ಶೇರ್ಡ್ ಹೋಸ್ಟಿಂಗ್ (ಹಲವು ಸೈಟುಗಳು ಹಂಚಿಕೊಳ್ಳುವ ಬಾಡಿಗೆ ಸರ್ವರ್), ರೆಡಿಮೇಡ್ ಥೀಮ್ (ಪುಟದ ಸಿದ್ಧ ವಿನ್ಯಾಸ), ಮೇಲೊಂದು ಪೇಜ್ ಬಿಲ್ಡರ್ ಪ್ಲಗಿನ್ (ಎಳೆದು ಬಿಟ್ಟು ಪುಟ ಕಟ್ಟುವ ಸೇರ್ಪಡೆ). ನಿಲ್ಲಿಸಲು ಅರ್ಧ ದಿನ ಸಾಕು. ತೊಂದರೆ ಬಂದದ್ದು ಆಮೇಲೆ.

ಮೊದಲನೆಯದು ವಿಳಾಸದ ತಂಟೆ. ಪುಟಕ್ಕೆ ಕನ್ನಡದಲ್ಲಿ ಶೀರ್ಷಿಕೆ ಕೊಟ್ಟರೆ ವರ್ಡ್‌ಪ್ರೆಸ್ ಅದರಿಂದಲೇ ಲಿಂಕ್ ಮಾಡುತ್ತದೆ. ಅಕ್ಷರಗಳನ್ನು ಕಂಪ್ಯೂಟರ್ ಉಳಿಸಿಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದು ಕನ್ನಡ ಸಂಕೇತಕ್ಕೆ 3 ಬೈಟ್. ಲಿಂಕ್‌ನಲ್ಲಿ ಪ್ರತಿ ಬೈಟೂ ಶೇಕಡಾ ಚಿಹ್ನೆ ಸೇರಿ 3 ಅಕ್ಷರವಾಗುತ್ತದೆ, ಅಂದರೆ ಒಂದು ಸಂಕೇತಕ್ಕೆ 9. ಡೇಟಾಬೇಸ್‌ನಲ್ಲಿ ಆ ಜಾಗಕ್ಕೆ ಮಿತಿ 200. ಇಪ್ಪತ್ತೆರಡು ಸಂಕೇತ ದಾಟಿದ ಕೂಡಲೇ ಉಳಿದದ್ದು ಕತ್ತರಿಸಿಹೋಗುತ್ತದೆ. ಕಾಗುಣಿತ, ಒತ್ತು, ಹಲಂತ ಎಲ್ಲವೂ ಬೇರೆಬೇರೆ ಸಂಕೇತಗಳಾದ್ದರಿಂದ "ಸಬ್‌ಮರ್ಸಿಬಲ್ ಮೋಟರ್ ರೀವೈಂಡಿಂಗ್" ಎಂಬ ಶೀರ್ಷಿಕೆ ಮೂರನೇ ಪದ ಮುಗಿಯುವ ಮೊದಲೇ ತುಂಡಾಯಿತು. ಆ ಲಿಂಕನ್ನು ವಾಟ್ಸಾಪ್‌ಗೆ ಹಾಕಿದರೆ ಐದಾರು ಸಾಲು ಶೇಕಡಾ ಚಿಹ್ನೆಗಳು. ಪರಿಹಾರ ಸುಲಭ: ಲಿಂಕನ್ನು ಕೈಯಾರೆ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಬರೆಯಬೇಕು. ಹೊಸ ಪುಟ ಮಾಡಿದಾಗಲೆಲ್ಲ ಅದನ್ನು ನೆನಪಿಟ್ಟು ಮಾಡುವವರು ಮಾತ್ರ ಬೇಕು.

ಎರಡನೆಯದು ಭಾರ. ಥೀಮ್, ಬಿಲ್ಡರ್, ಸ್ಲೈಡರ್ ಸೇರಿ ಮುಖಪುಟ 3 ಎಂಬಿ ದಾಟಿತು. ಅದರಲ್ಲಿ ಗಿರಾಕಿಗೆ ಬೇಕಾದ ಫೋನ್ ನಂಬರ್ ಹತ್ತು ಅಂಕಿ. ಸ್ಲೈಡರ್ ತೆಗೆದು, ಕ್ಯಾಶ್ ಪ್ಲಗಿನ್ (ಒಮ್ಮೆ ತಯಾರಾದ ಪುಟದ ಪ್ರತಿಯನ್ನೇ ಇಟ್ಟುಕೊಂಡು ಕೊಡುವುದು) ಹಾಕಿ ಕಡಿಮೆ ಮಾಡಬಹುದು, ಆದರೆ ಕ್ಯಾಶ್ ಪ್ಲಗಿನ್ ಹಾಕಿದ ಮೇಲೆ ಹುಡುಗ ರೇಟು ಬದಲಿಸಿದರೂ ಗಿರಾಕಿಗೆ ಹಳೇ ರೇಟೇ ಕಾಣುವ ಹೊಸ ತಲೆನೋವು.

ಮೂರನೆಯದೇ ವರ್ಡ್‌ಪ್ರೆಸ್ ಕೈಬಿಡಲು ನಿಜವಾದ ಕಾರಣ. ವರ್ಡ್‌ಪ್ರೆಸ್, ಥೀಮ್, ಪ್ಲಗಿನ್, ವರ್ಡ್‌ಪ್ರೆಸ್ ಬರೆದಿರುವ ಭಾಷೆಯಾದ ಪಿಎಚ್‌ಪಿಯ ಆವೃತ್ತಿ, ನಾಲ್ಕಕ್ಕೂ ಅಪ್‌ಡೇಟ್ ಬರುತ್ತಲೇ ಇರುತ್ತದೆ. ಮಾಡದಿದ್ದರೆ ಹಳೇ ಪ್ಲಗಿನ್‌ನ ತೂತಿನಿಂದ ಒಳನುಗ್ಗಿ ಜೂಜಿನ ಜಾಹೀರಾತು ಅಂಟಿಸಿ ಹೋಗುತ್ತಾರೆ. ಮಾಡಿದರೆ ಒಮ್ಮೊಮ್ಮೆ ಬಿಲ್ಡರ್ ಒಂದು ಕಡೆ, ಥೀಮ್ ಒಂದು ಕಡೆ ಎಳೆದು ಪುಟ ಬಿಳಿಚಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಬ್ಯಾಕಪ್ ತೆಗೆದು, ಅಪ್‌ಡೇಟ್ ಒತ್ತಿ, ಪುಟಗಳನ್ನು ತಿರುಗಿಸಿ ನೋಡುವ ಮನುಷ್ಯ ಈ ಅಂಗಡಿಯಲ್ಲಿಲ್ಲ.

ವರ್ಡ್‌ಪ್ರೆಸ್ ಕೆಟ್ಟದ್ದು ಅಂತಲ್ಲ. ಚೌಕಿಪೇಟೆಯ ಬಟ್ಟೆ ಅಂಗಡಿ ವಾರಕ್ಕೊಮ್ಮೆ ಹೊಸ ಸೀರೆಗಳ ಫೋಟೊ ಹಾಕಿ, ಆನ್‌ಲೈನ್ ಆರ್ಡರ್ ತಗೊಳ್ಳುವುದಾದರೆ ಅದೇ ಸರಿ. ಐದು ಪುಟಕ್ಕೆ ಅದು ಹೆಚ್ಚಾಯಿತು.

ಹೋಸ್ಟಿಂಗ್ ಬಗ್ಗೆ ಒಂದು ಮಾತು: ಜಾಹೀರಾತಿನ ರೇಟು ಮೊದಲ ಅವಧಿಯದು, ಅದೂ ಎರಡು-ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ. ನವೀಕರಣದ ರೇಟು ಎಷ್ಟು ಎಂದು ಸಣ್ಣಕ್ಷರದಲ್ಲಿ ಹುಡುಕಿ ಓದಬೇಕು, ಎರಡು-ಮೂರು ಪಟ್ಟು ಇರುವುದು ಮಾಮೂಲು. ಮೇಲೆ 18% ಜಿಎಸ್‌ಟಿ.

ಹಂತ 3: ಎಳೆದು ಬಿಡುವ ಸೈಟ್ ಬಿಲ್ಡರ್

ಇದು ಬೇಗ ಮುಗಿಯಿತು. ಫೋನಿನಿಂದಲೇ ತಿದ್ದಬಹುದು ಎಂಬುದು ದೊಡ್ಡ ಅನುಕೂಲ. ಆದರೆ ಸ್ವಂತ ಡೊಮೇನ್ ಜೋಡಿಸಲು ಪ್ರತಿ ತಿಂಗಳು ಬಾಡಿಗೆ, ನಿಲ್ಲಿಸಿದ ದಿನ ಸೈಟೂ ನಿಂತಿತು. ಕಟ್ಟಿದ ಪುಟಗಳನ್ನು ಹಾಗೇ ಎತ್ತಿಕೊಂಡು ಬೇರೆ ಕಡೆ ಹೋಗಲು ದಾರಿಯಿಲ್ಲ. ಟೇಬಲ್ ರೂಪದ ರೇಟು ಪಟ್ಟಿ ಫೋನಿನ ಪರದೆಯಲ್ಲಿ ಅಡ್ಡಡ್ಡ ಜಾರುತ್ತಿತ್ತು, ಸರಿಪಡಿಸಲು ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ಗೆ ಕೈ ಹಾಕಲು ದುಬಾರಿ ಪ್ಲಾನ್ ಬೇಕಿತ್ತು. ಬಿಟ್ಟೆವು.

ಹಂತ 4: ಸ್ಟ್ಯಾಟಿಕ್ ಸೈಟ್

ಸ್ಟ್ಯಾಟಿಕ್ ಅಂದರೆ ಪುಟಗಳನ್ನು ಮೊದಲೇ ತಯಾರಿಸಿ ಇಡುವುದು. ಕೊನೆಗೆ ನಿಂತದ್ದು ಅದನ್ನು ಮಾಡುವ ಹ್ಯೂಗೊ. ಒಂದೇ ಪ್ರೋಗ್ರಾಮ್ ಫೈಲ್, ಡೇಟಾಬೇಸ್ ಇಲ್ಲ, ಪಿಎಚ್‌ಪಿ ಇಲ್ಲ. ಬರೆದದ್ದನ್ನು ಎಚ್‌ಟಿಎಂಎಲ್ ಫೈಲುಗಳನ್ನಾಗಿ ಮಾಡಿ ಕೊಡುತ್ತದೆ, ಅದನ್ನು ಯಾವ ಸರ್ವರ್‌ನಲ್ಲಾದರೂ ಇಡಬಹುದು. ಅಪ್‌ಡೇಟ್ ಮಾಡದೆ ಮೂರು ವರ್ಷ ಬಿಟ್ಟರೂ ಒಳನುಗ್ಗಲು ಲಾಗಿನ್ ಪುಟವೇ ಇಲ್ಲ.

ಇಡುವ ಜಾಗ ಆರಿಸುವಾಗ ಷರತ್ತು ಓದಬೇಕು. ವರ್ಸೆಲ್‌ನ ಉಚಿತ ಹಾಬಿ ಪ್ಲಾನ್ ವ್ಯಾಪಾರಕ್ಕಲ್ಲ. ಗಿಟ್‌ಹಬ್ ಪೇಜಸ್ ಕೂಡ ಆನ್‌ಲೈನ್ ವ್ಯವಹಾರ ನಡೆಸಲು ಉಚಿತ ಹೋಸ್ಟಿಂಗ್ ಆಗಿ ಬಳಸಬೇಡಿ ಎಂದು ಬರೆದಿದೆ. ಉಚಿತ ಅಂತ ಅಲ್ಲಿ ಅಂಗಡಿ ಸೈಟ್ ಇಟ್ಟವರು ಬೇಕಾದಷ್ಟು ಜನ ಸಿಗುತ್ತಾರೆ, ಆದರೆ ಗಿರಾಕಿಯ ಕೆಲಸ ಹಾಗೆ ಮಾಡಿಕೊಡುವುದು ಸರಿಯಲ್ಲ. ಕ್ಲೌಡ್‌ಫ್ಲೇರ್ ಪೇಜಸ್‌ನಲ್ಲಿ ಆ ಅಡ್ಡಿಯಿಲ್ಲ: ಉಚಿತ ಪ್ಲಾನಿನಲ್ಲಿ ತಿಂಗಳಿಗೆ 500 ಬಿಲ್ಡ್ (ಬರೆದದ್ದನ್ನು ಪುಟಗಳಾಗಿ ತಯಾರಿಸುವ ಒಂದು ಓಟ), ಒಂದು ಸೈಟಿಗೆ 20,000 ಫೈಲ್. ಈ ಅಂಗಡಿಗೆ ಅದರಲ್ಲಿ ಹತ್ತನೇ ಒಂದು ಪಾಲೂ ಬೇಡ.

ಮೊದಲ ಬಿಲ್ಡ್ ನಿಂತುಹೋಯಿತು. ನಮ್ಮ ಕಂಪ್ಯೂಟರಿನ ಹ್ಯೂಗೊ ಹೊಸದು, ಅಲ್ಲಿಯ ಡೀಫಾಲ್ಟ್ ಹ್ಯೂಗೊ ಹಳೆಯದು. ಕ್ಲೌಡ್‌ಫ್ಲೇರ್‌ನ ಸೆಟ್ಟಿಂಗ್‌ನಲ್ಲಿರುವ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ ಹ್ಯೂಗೊ ಆವೃತ್ತಿಯ ಸಂಖ್ಯೆಯನ್ನು ಕಟ್ಟಿಹಾಕಿದ ಮೇಲೆ ಸರಿಹೋಯಿತು. ಇದನ್ನು ಮೊದಲ ದಿನವೇ ಮಾಡಿಡಿ. ಇಲ್ಲವಾದರೆ ಎಂದೋ ಒಂದು ದಿನ ಅವರು ಡೀಫಾಲ್ಟ್ ಬದಲಿಸಿದಾಗ ರೇಟು ತಿದ್ದಿದ ಹುಡುಗನ ಮೇಲೆ ಅಪವಾದ ಬರುತ್ತದೆ.

ಹಂತ 5: ಕನ್ನಡ ಅಕ್ಷರ

ಅಂಗಡಿಯ ಹಳೇ ರೇಟು ಪಟ್ಟಿ ನುಡಿ ತಂತ್ರಾಂಶದ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪಾಗಿತ್ತು. ನಕಲಿಸಿ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪರಿವರ್ತಕಕ್ಕೆ ಹಾಕಿದರೆ ಬಹುಪಾಲು ಸರಿಯಾಗಿ ಬರುತ್ತದೆ, ಆದರೆ ಅರ್ಕಾವೊತ್ತನ್ನು ಒಂದೊಂದಾಗಿ ನೋಡಲೇಬೇಕು. ಹಳೇ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು. ಪರಿವರ್ತಕ ಎಡವುವುದು ಇಲ್ಲೇ. "ಖರ್ಚು", "ಸರ್ವಿಸ್", "ಸ್ಟಾರ್ಟರ್" ಮೂರನ್ನೂ ಹುಡುಕಿ ಕಣ್ಣಾಡಿಸಿದರೆ ಪರಿವರ್ತನೆ ಹೇಗಿದೆ ಎಂದು ಗೊತ್ತಾಗುತ್ತದೆ.

ಫಾಂಟ್ ಇಳಿಸುವ ಗೊಡವೆಯೇ ಬೇಡ ಎಂದು ತೀರ್ಮಾನಿಸಿದೆವು. ಆಂಡ್ರಾಯ್ಡ್ ಫೋನುಗಳಲ್ಲಿ ನೋಟೊ ಸಾನ್ಸ್ ಕನ್ನಡ ಇದ್ದೇ ಇರುತ್ತದೆ, ವಿಂಡೋಸ್‌ನಲ್ಲಿ ನಿರ್ಮಲಾ ಇದೆ. ಸಿಎಸ್‌ಎಸ್‌ನಲ್ಲಿ ಈ ಹೆಸರುಗಳನ್ನು ಸಾಲಾಗಿ ಬರೆದು ಕೊನೆಗೆ ಸಾನ್ಸ್ ಸೆರಿಫ್ ಇಟ್ಟರೆ ಒಂದು ಕೆಬಿಯೂ ಇಳಿಸದೆ ಕನ್ನಡ ಚೆನ್ನಾಗಿ ಕಾಣುತ್ತದೆ. ಬೋರ್ಡಿನ ಅಕ್ಷರದಂಥ ಚೆಂದದ ಫಾಂಟ್ ಬೇಕೇಬೇಕು ಅನ್ನುವವರು ಅಂಗಡಿಯ ಹೆಸರನ್ನು ಮಾತ್ರ ಎಸ್‌ವಿಜಿ ಚಿತ್ರವಾಗಿ ಇಡಬಹುದು.

ಇನ್ನು ಸಾಲಿನ ಎತ್ತರ. ಇಂಗ್ಲಿಷ್‌ಗೆ ಹೊಲಿದ ಥೀಮುಗಳು ಶೀರ್ಷಿಕೆಗೆ 1.1 ಅಥವಾ 1.2 ಇಡುತ್ತವೆ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಶೀರ್ಷಿಕೆಗೆ 1.4, ಪಠ್ಯಕ್ಕೆ 1.7 ಇಟ್ಟೆವು. ಬಟನ್‌ಗೆ ಎತ್ತರ ಕಟ್ಟಿ, ಹೊರಚಾಚಿದ್ದನ್ನು ಮುಚ್ಚುವ ಸಾಲು ಸಿಎಸ್‌ಎಸ್‌ನಲ್ಲಿದ್ದರೆ "ವಾಟ್ಸಾಪ್" ಎಂಬಲ್ಲಿ ಸಕಾರದ ಒತ್ತು ಅರ್ಧಕ್ಕೆ ಕತ್ತರಿಸುತ್ತದೆ, ಎತ್ತರ ಬಿಟ್ಟು ಪ್ಯಾಡಿಂಗ್ (ಅಕ್ಷರದ ಸುತ್ತ ಖಾಲಿ ಜಾಗ) ಕೊಡಬೇಕು. ಅಕ್ಷರಗಳ ನಡುವಿನ ಅಂತರ ಹೆಚ್ಚಿಸುವ ಸಾಲು ಎಲ್ಲಿ ಕಂಡರೂ ಅಳಿಸಿ. ಇಂಗ್ಲಿಷ್ ದೊಡ್ಡಕ್ಷರಕ್ಕೆ ಅದು ಒಪ್ಪುತ್ತದೆ, ಕನ್ನಡ ಪದ ಒಡೆದು ಬಿಡಿಬಿಡಿಯಾಗಿ ಕಾಣುತ್ತದೆ. ಎಚ್‌ಟಿಎಂಎಲ್‌ನ ಮೊದಲ ಟ್ಯಾಗ್‌ನಲ್ಲಿ ಭಾಷೆ ಕನ್ನಡ ಎಂದು ನಮೂದಿಸಿ. ಇಲ್ಲದಿದ್ದರೆ ಕಣ್ಣು ಕಾಣದವರಿಗೆ ಪುಟ ಓದಿಹೇಳುವ ಸಾಫ್ಟ್‌ವೇರ್‌ಗೆ ಯಾವ ಭಾಷೆಯ ದನಿ ಹಚ್ಚಬೇಕೆಂದು ತಿಳಿಯುವುದಿಲ್ಲ.

ಹಂತ 6: ಫೋನಿನಿಂದ ರೇಟು ಬದಲಿಸುವ ದಾರಿ

ಹೆಚ್ಚು ಸಮಯ ತಿಂದದ್ದು ಇದೇ. ಯೋಜನೆ ಸರಳ: ರೇಟುಗಳು ಒಂದು ಗೂಗಲ್ ಶೀಟ್‌ನಲ್ಲಿ, ಹ್ಯೂಗೊ ಬಿಲ್ಡ್ ಆಗುವಾಗ ಅದನ್ನು ಸಿಎಸ್‌ವಿಯಾಗಿ (ಕಾಮಾದಿಂದ ಬೇರ್ಪಡಿಸಿದ ಸಾದಾ ಪಠ್ಯವಾಗಿ) ಎಳೆದುಕೊಂಡು ಟೇಬಲ್ ಮಾಡುತ್ತದೆ. ಕಾಲಮ್‌ಗಳು ಐದು: ಎಚ್‌ಪಿ, ಸಿಂಗಲ್ ಅಥವಾ ತ್ರೀ ಫೇಸ್, ರೇಟು, ದಿನ, ಟಿಪ್ಪಣಿ.

ಶೀಟ್‌ನಿಂದ ಬಿಲ್ಡ್ ಶುರುಮಾಡಲು ಕ್ಲೌಡ್‌ಫ್ಲೇರ್ ಪೇಜಸ್ ಒಂದು ಗುಟ್ಟಿನ ಲಿಂಕ್ ಕೊಡುತ್ತದೆ, ಡಿಪ್ಲಾಯ್ ಹುಕ್ ಎನ್ನುತ್ತಾರೆ. ಶೀಟ್‌ಗೆ ಸಣ್ಣ ಪ್ರೋಗ್ರಾಮ್ ಬರೆಯಲು ಗೂಗಲ್ ಕೊಡುವ ಆಪ್ಸ್ ಸ್ಕ್ರಿಪ್ಟ್‌ನಲ್ಲಿ ಸೆಲ್ ತಿದ್ದಿದ ಕೂಡಲೇ ಆ ಲಿಂಕ್ ಕರೆಯುವಂತೆ ಬರೆದರೆ ಏನೂ ಆಗಲಿಲ್ಲ. ಕಾರಣ: ಸರಳ ಟ್ರಿಗರ್‌ಗೆ (ಸೆಲ್ ತಿದ್ದಿದಾಗ ಸ್ಕ್ರಿಪ್ಟನ್ನು ತಾನಾಗಿ ಓಡಿಸುವ ವ್ಯವಸ್ಥೆಗೆ) ಹೊರಗಿನ ಲಿಂಕ್ ಕರೆಯುವ ಅನುಮತಿ ಇರುವುದಿಲ್ಲ. ಟ್ರಿಗರ್ ಪುಟಕ್ಕೆ ಹೋಗಿ ಕೈಯಾರೆ ಸ್ಥಾಪಿಸಿ, ಅನುಮತಿ ಕೊಟ್ಟ ಟ್ರಿಗರ್ ಬೇಕು.

ಅದನ್ನು ಹಾಕಿದ ಮೇಲೆ ಉಲ್ಟಾ ಸಮಸ್ಯೆ. ಇಪ್ಪತ್ತು ರೇಟು ತಿದ್ದಿದರೆ ಇಪ್ಪತ್ತು ಬಿಲ್ಡ್. ಅರ್ಧ ತಿದ್ದಿದ ಪಟ್ಟಿ ಗಿರಾಕಿಗೆ ಕಾಣುತ್ತದೆ, 500ರ ಲೆಕ್ಕವೂ ಬೇಗ ಕರಗುತ್ತದೆ. ಶೀಟ್‌ನ ಮೇಲ್ಗಡೆ "ವೆಬ್‌ಸೈಟ್‌ಗೆ ಹಾಕು" ಎಂಬ ಮೆನು ಮಾಡಿದರೆ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡಿತು, ಫೋನಿನ ಶೀಟ್ಸ್ ಆ್ಯಪಿನಲ್ಲಿ ಆ ಮೆನು ಕಾಣುವುದೇ ಇಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ಚೆಕ್‌ಬಾಕ್ಸ್. ಮೊದಲ ಸಾಲಿನಲ್ಲಿ ಹಳದಿ ಬಣ್ಣದ ಒಂದು ಸೆಲ್, ಪಕ್ಕದಲ್ಲಿ "ಎಲ್ಲ ತಿದ್ದಿ ಆದ ಮೇಲೆ ಇಲ್ಲಿ ಟಿಕ್ ಮಾಡಿ". ಟ್ರಿಗರ್ ಆ ಒಂದು ಸೆಲ್ಲನ್ನು ಮಾತ್ರ ಗಮನಿಸುತ್ತದೆ. ಟಿಕ್ ಬಿದ್ದರೆ ಲಿಂಕ್ ಕರೆದು, ಪಕ್ಕದ ಸೆಲ್‌ನಲ್ಲಿ ಅಂದಿನ ತಾರೀಕು ಬರೆದು, ಟಿಕ್ ತೆಗೆಯುತ್ತದೆ. ಸ್ಕ್ರಿಪ್ಟ್ ತಾನೇ ಮಾಡಿದ ಬದಲಾವಣೆಗೆ ಟ್ರಿಗರ್ ಮತ್ತೆ ಓಡುವುದಿಲ್ಲವಾದ್ದರಿಂದ ಸುತ್ತಿಗೆ ಸಿಕ್ಕಿಕೊಳ್ಳುವ ಭಯವಿಲ್ಲ. ಆ ತಾರೀಕೇ ರೇಟು ಪುಟದಲ್ಲಿ "ಈ ದಿನದ ರೇಟು" ಎಂದು ಕಾಣುತ್ತದೆ. ಡಿಪ್ಲಾಯ್ ಹುಕ್ ಲಿಂಕನ್ನು ಶೀಟ್‌ನ ಸೆಲ್‌ನಲ್ಲಿ ಇಡಬೇಡಿ, ಸ್ಕ್ರಿಪ್ಟ್ ಪ್ರಾಪರ್ಟಿಯಲ್ಲಿಡಿ. ಅದು ಗೊತ್ತಿದ್ದ ಯಾರು ಬೇಕಾದರೂ ಬಿಲ್ಡ್ ಒತ್ತಬಹುದು.

ಟಿಕ್ ಮಾಡಿದರೂ ಹಳೇ ರೇಟೇ ಬರುತ್ತಿತ್ತು. ಶೀಟ್‌ನಲ್ಲಿರುವ "ವೆಬ್‌ಗೆ ಪ್ರಕಟಿಸು" ಆಯ್ಕೆಯ ಸಿಎಸ್‌ವಿ ಕೂಡಲೇ ಹೊಸದಾಗುವುದಿಲ್ಲ, ಐದು ನಿಮಿಷದಷ್ಟು ಹಿಂದಿರುತ್ತದೆ. ಬಿಲ್ಡ್ ಒಂದು ನಿಮಿಷದೊಳಗೆ ಮುಗಿದುಹೋಗುತ್ತದೆ. ಲಿಂಕ್ ಇದ್ದವರು ನೋಡಬಹುದು ಎಂದು ಶೇರ್ ಮಾಡಿ, ಸಿಎಸ್‌ವಿ ಎಕ್ಸ್‌ಪೋರ್ಟ್ ಲಿಂಕ್ ಬಳಸಿದಾಗ ಆಗಿನ ರೇಟೇ ಬಂತು. ಇಲ್ಲೊಂದು ಎಚ್ಚರಿಕೆ: ಹಾಗೆ ಶೇರ್ ಮಾಡಿದರೆ ಆ ಫೈಲಿನ ಎಲ್ಲ ಟ್ಯಾಬೂ ತೆರೆದುಕೊಳ್ಳುತ್ತದೆ. ರೇಟು ಶೀಟ್‌ನ ಎರಡನೇ ಟ್ಯಾಬಿನಲ್ಲಿ ಗಿರಾಕಿಗಳ ಉದ್ದರಿ ಲೆಕ್ಕ ಇರಕೂಡದು. ರೇಟಿಗೆ ಬೇರೆಯೇ ಫೈಲ್ ಮಾಡಿ.

ಒಳಗೆ ತುಂಬುವಾಗ ಆಗುವ ಎಡವಟ್ಟುಗಳು ಇನ್ನೊಂದಷ್ಟು. ದಿನದ ಕಾಲಮ್‌ನಲ್ಲಿ "4-5" ಎಂದು ಹೊಡೆದರೆ ಶೀಟ್ ಅದನ್ನು ತಾರೀಕು ಮಾಡಿಬಿಡುತ್ತದೆ. ಏಳೂವರೆ ಎಚ್‌ಪಿ ಮೋಟರ್ ಕೊಡಲು ಮೇ ತಿಂಗಳ ದಿನಾಂಕ ಕಾಣಿಸಿಕೊಂಡದ್ದು ಹೀಗೆ. ಆ ಕಾಲಮ್ಮಿಗೆ ಸಾದಾ ಪಠ್ಯ ಫಾರ್ಮ್ಯಾಟ್ ಕೊಡಬೇಕು. ರೇಟನ್ನು ಒಬ್ಬರು ಕನ್ನಡ ಅಂಕಿಯಲ್ಲಿ, ಮತ್ತೊಬ್ಬರು ಕೊನೆಗೆ ಓರೆಗೆರೆ-ಅಡ್ಡಗೆರೆ ಹಾಕಿ ಬರೆದರೆ ಶೀಟ್ ಅದನ್ನು ಸಂಖ್ಯೆ ಎಂದು ಒಪ್ಪುವುದಿಲ್ಲ. ರೇಟು ಕಾಲಮ್ಮಿಗೆ ಸಂಖ್ಯೆ ಮಾತ್ರ ಎಂಬ ಡೇಟಾ ವ್ಯಾಲಿಡೇಶನ್ ಹಾಕಿ, ರೂಪಾಯಿ ಚಿಹ್ನೆ, ಕಾಮಾ ಎಲ್ಲ ಹ್ಯೂಗೊ ಸೇರಿಸಲಿ.

ಅದಕ್ಕಿಂತ ಮುಖ್ಯ: ರೇಟು ಖಾಲಿಯಿದ್ದರೆ, ಸಂಖ್ಯೆಯಲ್ಲದಿದ್ದರೆ, ಅಥವಾ ಸಾಲುಗಳು ಇರಬೇಕಾದ್ದಕ್ಕಿಂತ ಕಡಿಮೆ ಬಂದರೆ ಬಿಲ್ಡ್ ತಪ್ಪಿ ನಿಲ್ಲುವಂತೆ ಟೆಂಪ್ಲೇಟ್‌ನಲ್ಲೇ ಎರರ್ ಬರೆದೆವು. ಬಿಲ್ಡ್ ನಿಂತರೆ ಹಿಂದಿನ ಸೈಟ್ ಹಾಗೇ ಇರುತ್ತದೆ. ಖಾಲಿ ಪಟ್ಟಿಗಿಂತ ನಿನ್ನೆಯ ರೇಟು ವಾಸಿ.

ಹಂತ 7: ಫೋಟೊ

ಫೋನಿನ ಫೋಟೊ ಒಂದೊಂದೂ 3–5 ಎಂಬಿ. 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ, ವೆಬ್‌ಪಿ ಮಾಡಿ, ಗುಣಮಟ್ಟ 75ರಲ್ಲಿ ಇಟ್ಟರೆ ನೂರು ಕೆಬಿ ಆಸುಪಾಸು. ಹ್ಯೂಗೊ ಇದನ್ನು ಬಿಲ್ಡ್‌ನಲ್ಲೇ ಮಾಡುತ್ತದೆ. ಅಗಲ-ಎತ್ತರದ ಸಂಖ್ಯೆ ಚಿತ್ರದ ಟ್ಯಾಗ್‌ನಲ್ಲಿರಲಿ, ಇಲ್ಲವಾದರೆ ಚಿತ್ರ ಬಂದಾಗ ಪುಟ ಕೆಳಗೆ ಜಿಗಿದು, ಕರೆ ಬಟನ್ ಒತ್ತಲು ಹೋದ ಬೆರಳು ಬೇರೆಲ್ಲೋ ಬೀಳುತ್ತದೆ. ತಡವಾಗಿ ಇಳಿಸುವ ಲೇಜಿ ಆಯ್ಕೆಯನ್ನು ಮೊದಲ ಚಿತ್ರಕ್ಕೆ ಹಾಕಬಾರದು.

ಅಂಗಡಿಯೊಳಗೆ ಟ್ಯೂಬ್‌ಲೈಟ್ ಕೆಳಗೆ ತೆಗೆದ ಸ್ಟೇಟರ್ (ಮೋಟರಿನಲ್ಲಿ ವೈಂಡಿಂಗ್ ಕೂರುವ ಭಾಗ) ಫೋಟೊಗಳು ಕಪ್ಪು ಮುದ್ದೆಯಾಗಿ ಬಂದವು. ಬಾಗಿಲ ಬಳಿ, ಬೆಳಗಿನ ಬೆಳಕಿಗೆ ಓರೆಯಾಗಿ ಇಟ್ಟು ತೆಗೆದಾಗ ತಾಮ್ರದ ಸುತ್ತುಗಳು ಎಣಿಸುವಂತೆ ಕಂಡವು. ಸುಟ್ಟ ವೈಂಡಿಂಗ್ ಒಂದು, ಹೊಸದಾಗಿ ಸುತ್ತಿದ್ದು ಒಂದು, ಅಕ್ಕಪಕ್ಕ. ಇಂಟರ್ನೆಟ್‌ನಿಂದ ಎತ್ತಿದ ವಿದೇಶಿ ವರ್ಕ್‌ಶಾಪಿನ ಚಿತ್ರಕ್ಕಿಂತ ಇದನ್ನೇ ಗಿರಾಕಿ ನಂಬುತ್ತಾನೆ.

ಹಂತ 8: ಡೊಮೇನ್

ಡಾಟ್ ಇನ್ ತಗೊಂಡೆವು, ವರ್ಷಕ್ಕೆ ಜಿಎಸ್‌ಟಿ ಸೇರಿ ಸಾವಿರದೊಳಗೆ. ಇಡೀ ಸೈಟಿನ ವಾರ್ಷಿಕ ಖರ್ಚು ಇಷ್ಟೇ. ಊರಿನ ಹೆಸರನ್ನು ಡೊಮೇನ್‌ನಲ್ಲಿ ಸೇರಿಸಲಿಲ್ಲ: ಇಂಗ್ಲಿಷ್‌ನಲ್ಲಿ ದಾವಣಗೆರೆಯನ್ನು ಎರಡು ಬಗೆಯಲ್ಲಿ ಬರೆಯುತ್ತಾರೆ, ಫೋನಿನಲ್ಲಿ ಹೇಳಿದರೆ ಅರ್ಧ ಜನ ತಪ್ಪಾಗಿ ಹೊಡೆಯುತ್ತಾರೆ. ಪುಟದ ಪಠ್ಯದಲ್ಲಿ ಮಾತ್ರ ಎರಡೂ ರೂಪ ಒಂದೊಂದು ಸಲ ಬರಲಿ. ಕನ್ನಡದಲ್ಲೇ ಡಾಟ್ ಭಾರತ ಡೊಮೇನ್ ಸಿಗುತ್ತದೆ, ಆದರೆ ಕೆಲವು ಆ್ಯಪ್‌ಗಳಲ್ಲಿ ಅದು ಎಕ್ಸ್‌ಎನ್‌ನಿಂದ ಶುರುವಾಗುವ ಅರ್ಥವಾಗದ ಸಾಲಾಗಿ ಕಾಣುತ್ತದೆ.

ನೋಂದಣಿ ಮಾಲೀಕರ ಹೆಸರಲ್ಲಿ, ಅವರ ಇಮೇಲ್‌ಗೆ, ಅವರ ಫೋನಿಗೆ. ಸೈಟ್ ಮಾಡಿಕೊಡುವವರ ಖಾತೆಯಲ್ಲಿ ಡೊಮೇನ್ ಇಟ್ಟರೆ ಮುಂದೆ ಅವರು ಊರು ಬಿಟ್ಟ ದಿನ ಡೊಮೇನೂ ಕೈಬಿಟ್ಟಂತೆ. ಒಂದೇ ಸಲ ಐದು ವರ್ಷಕ್ಕೆ ಕಟ್ಟಿದರೆ ನವೀಕರಣದ ಮೇಲ್ ತಪ್ಪಿಹೋಗುವ ಭಯ ಅಷ್ಟು ಕಡಿಮೆ.

ಡಬ್ಲ್ಯುಡಬ್ಲ್ಯುಡಬ್ಲ್ಯು ಥರದ ಉಪಪದವಿಲ್ಲದ ಬರಿಯ ಡೊಮೇನನ್ನು ಕ್ಲೌಡ್‌ಫ್ಲೇರ್ ಪೇಜಸ್‌ಗೆ ಜೋಡಿಸಬೇಕಾದರೆ ನೇಮ್‌ಸರ್ವರ್ (ಡೊಮೇನ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವುದು) ಕ್ಲೌಡ್‌ಫ್ಲೇರ್‌ಗೆ ಬದಲಿಸಬೇಕು. ಬದಲಾವಣೆ ಎಲ್ಲ ಕಡೆ ತಲುಪಲು ಒಂದೆರಡು ದಿನ ಹಿಡಿಯಬಹುದು, ಅಷ್ಟರಲ್ಲಿ ಸೆಟ್ಟಿಂಗ್ ಕೆದಕಬೇಡಿ. ಡೊಮೇನ್‌ನಿಂದ ಮೇಲ್ ಕಳಿಸುವುದಿಲ್ಲವಾದರೆ ಯಾರೂ ಕಳಿಸಕೂಡದು ಎಂಬ ಎಸ್‌ಪಿಎಫ್ ದಾಖಲೆ ಹಾಕಿಬಿಡಿ. ಅಂಗಡಿ ಹೆಸರಲ್ಲಿ ನಕಲಿ ಮೇಲ್ ಹೋಗುವುದು ಕಡಿಮೆಯಾಗುತ್ತದೆ.

ಹಂತ 9: ಕರೆ, ವಾಟ್ಸಾಪ್, ಮ್ಯಾಪ್

ಸಂಪರ್ಕದ ಫಾರ್ಮ್ ಹಾಕಲಿಲ್ಲ. ಸ್ಪ್ಯಾಮ್ ಬರುತ್ತದೆ, ರೈತರು ಅದನ್ನು ತುಂಬುವುದೂ ಇಲ್ಲ. ವಾಟ್ಸಾಪ್ ಲಿಂಕ್‌ನಲ್ಲಿ ನಂಬರಿನ ಹಿಂದೆ 91 ಮಾತ್ರ, ಪ್ಲಸ್ ಚಿಹ್ನೆ, ಸೊನ್ನೆ, ಖಾಲಿ ಜಾಗ ಇರಬಾರದು. ಬಟನ್ ಒತ್ತಿದರೆ "ಮೋಟರ್ ಎಚ್‌ಪಿ: , ಫೇಸ್: , ಊರು: " ಎಂದು ಮೊದಲೇ ಬರೆದಿರುವ ಸಂದೇಶ ತೆರೆಯುತ್ತದೆ. ಕೌಂಟರ್‌ನಲ್ಲಿ ಮೂರು ಪ್ರಶ್ನೆ ಕೇಳುವುದು ತಪ್ಪಿತು.

ಲಿಂಕ್ ಹಂಚಿದಾಗ ಕಾಣುವ ಚಿತ್ರ 1200×630 ಪಿಕ್ಸೆಲ್, 300 ಕೆಬಿಗಿಂತ ಸಾಕಷ್ಟು ಕೆಳಗೆ. ವಾಟ್ಸಾಪ್ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಚಿತ್ರ ಬದಲಿಸಿದ ಮೇಲೂ ಹಳೆಯದೇ ಬಂದರೆ ಲಿಂಕ್‌ನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಮತ್ತು ಒಂದು ಸಂಖ್ಯೆ ಸೇರಿಸಿ ಪರೀಕ್ಷಿಸಿ.

ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ. ನಿಜ ಹೇಳಬೇಕೆಂದರೆ ಇಂಥ ಅಂಗಡಿಗೆ ವೆಬ್‌ಸೈಟ್‌ಗಿಂತ ಮೊದಲು ಮಾಡಬೇಕಾದ್ದು ಇದು. ಪರಿಶೀಲನೆಗೆ ವಿಡಿಯೊ ಕೇಳಿದರೆ ರಸ್ತೆ, ಬೋರ್ಡು, ಒಳಗಿನ ವೈಂಡಿಂಗ್ ಯಂತ್ರ ಮೂರೂ ಒಂದೇ ಓಟದಲ್ಲಿ ಬರುವಂತೆ ತೆಗೆಯಬೇಕು, ಕತ್ತರಿಸಿ ಅಂಟಿಸಬಾರದು. ಹೆಸರಿನ ಜಾಗದಲ್ಲಿ ಬೋರ್ಡಿನ ಹೆಸರಷ್ಟೇ. "ಬೆಸ್ಟ್ ಮೋಟರ್ ರೀವೈಂಡಿಂಗ್" ಎಂದು ಬಾಲ ಸೇರಿಸಿದರೆ ಪ್ರೊಫೈಲ್ ಅಮಾನತಾಗಬಹುದು.

ಹಂತ 10: ಪರೀಕ್ಷೆ, ಒಪ್ಪಿಸುವಿಕೆ

ಕ್ರೋಮ್‌ನ ಡೆವಲಪರ್ ಟೂಲ್‌ನಲ್ಲಿ ನಿಧಾನ 4ಜಿ ಆರಿಸಿ ನೋಡಿದ್ದಲ್ಲದೆ, ಕಡಿಮೆ ಬೆಲೆಯ ಹಳೇ ಫೋನಿನಲ್ಲಿ, ಬಿಸಿಲಿನಲ್ಲಿ ನಿಂತು ನೋಡಿದೆವು. ಬೂದು ಬಣ್ಣದ ಅಕ್ಷರ ಬಿಸಿಲಿಗೆ ಮಾಯ, ಕಪ್ಪು ಮಾಡಿದೆವು. ಮುಖ್ಯ ಭಾಗ ಕಾಣಲು ಗೂಗಲ್ ಒಳ್ಳೆಯದೆನ್ನುವ ಮಿತಿ 2.5 ಸೆಕೆಂಡ್, ಚಿತ್ರ ಸೇರಿ ಮುಖಪುಟ 250 ಕೆಬಿ ಆದ್ದರಿಂದ ಅದರೊಳಗೇ ಬಂತು.

ಮಾಲೀಕರಿಗೆ ಕೊಟ್ಟ ಒಂದು ಹಾಳೆಯಲ್ಲಿ ಡೊಮೇನ್ ಖಾತೆ, ಕ್ಲೌಡ್‌ಫ್ಲೇರ್ ಖಾತೆ, ಸೈಟಿನ ಮೂಲ ಫೈಲುಗಳಿರುವ ಗಿಟ್‌ಹಬ್ ಖಾತೆ, ಶೀಟ್ ಇರುವ ಗೂಗಲ್ ಖಾತೆ, ಡೊಮೇನ್ ಮುಗಿಯುವ ತಾರೀಕು ಇವೆ. ಆಪ್ಸ್ ಸ್ಕ್ರಿಪ್ಟ್ ಟ್ರಿಗರ್ ಅದನ್ನು ಸ್ಥಾಪಿಸಿದ ಖಾತೆಯ ಹೆಸರಲ್ಲಿ ಓಡುತ್ತದೆ. ಹಾಗಾಗಿ ಅದನ್ನೂ ಅಂಗಡಿಯ ಗೂಗಲ್ ಖಾತೆಯಿಂದಲೇ ಮತ್ತೆ ಸ್ಥಾಪಿಸಿ, ನಮ್ಮದನ್ನು ತೆಗೆದೆವು. ಎರಡೂ ಇದ್ದರೆ ಒಂದು ಟಿಕ್‌ಗೆ ಎರಡು ಬಿಲ್ಡ್.

ಬಾಕಿ ಇರುವುದು: ಕೇಬಲ್ ಅಳತೆಯ ಪುಟ (ಎಚ್‌ಪಿ ಮತ್ತು ಬೋರಿನ ಆಳಕ್ಕೆ ತಕ್ಕ ಎಂಎಂ), ಮತ್ತು ಹುಡುಗ ರಜೆ ಹಾಕಿದಾಗ ಟಿಕ್ ಮಾಡಲು ಇನ್ನೊಬ್ಬರಿಗೆ ಶೀಟ್‌ನ ಎಡಿಟ್ ಅನುಮತಿ.